ಎರಡೂ ತುದಿ ಒಂದೇ ಡಬ್ಬಿಗೆ

ಕಳೆದ ವರ್ಷ ವಿಜಯದಶಮಿಯ ದಿನ ಮಧ್ಯಾಹ್ನ ಮೂರು ಗಂಟೆಗೆ, ಕಲಬುರಗಿಯ ನಮ್ಮ ಪತ್ರಿಕಾ ಕಚೇರಿಯಲ್ಲಿದ್ದ ಹನ್ನೊಂದು ಕಂಪ್ಯೂಟರುಗಳು ಒಂದನ್ನೊಂದು ಕಾಣದಾದವು. ಯಾವ ಕಂಪ್ಯೂಟರೂ ಕೆಟ್ಟಿರಲಿಲ್ಲ. ಪ್ರತಿಯೊಂದೂ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು. ಆದರೆ ವರದಿಗಾರರ ಮೇಜಿನಿಂದ ಹೊರಟ ಸುದ್ದಿ ನನ್ನ ಮೇಜಿಗೆ ಬರಲಿಲ್ಲ, ನನ್ನ ಮೇಜಿನಿಂದ ಪುಟ ಕಟ್ಟುವವರಿಗೆ ಹೋಗಲಿಲ್ಲ, ಮೂಲೆಯ ಪ್ರಿಂಟರಿನಿಂದ ಒಂದು ಹಾಳೆಯೂ ಹೊರಬರಲಿಲ್ಲ.

ಇದಕ್ಕೆ ಕಾರಣವಾದ ಕೆಲಸವನ್ನು ಮಾಡಿದವಳು ನಾನು. ಅದು ನನಗೆ ಗೊತ್ತಾದದ್ದು ಅದೇ ಸಂಜೆ ಐದರ ಸುಮಾರಿಗೆ. ಎಲ್ಲರ ಮುಂದೆ ಹೇಳಿದ್ದು ನಾಲ್ಕು ವಾರ ತಡವಾಗಿ. ಈ ನಡುವೆ ಒಬ್ಬ ಮನುಷ್ಯನ ಹೆಸರು ಕೆಟ್ಟಿತು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮದು ಜಗತ್ ಸರ್ಕಲ್ ಹತ್ತಿರದ ಹಳೆಯ ಕಟ್ಟಡದ ಎರಡನೇ ಮಹಡಿ. ಸಣ್ಣ ಪತ್ರಿಕೆ. ನಾನು ಅಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಡೆಸ್ಕಿನಲ್ಲಿದ್ದೇನೆ. ಈಗ ಮುಖ್ಯ ಉಪಸಂಪಾದಕಿ. ವಿಜಯದಶಮಿಯ ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಅವತ್ತು ಪತ್ರಿಕೆಯ ಕೆಲಸವಿಲ್ಲ. ಆದರೂ ಬೆಳಗ್ಗೆ ಎಲ್ಲರೂ ಬಂದು, ಕರೆಂಟ್ ಬಂದ್ ಮಾಡಿ, ಯಂತ್ರಗಳನ್ನು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಮಂಡಕ್ಕಿ ಪೇಡೆ ತಿಂದು ಹೋಗುತ್ತಾರೆ. ಒರೆಸುವ ಕೆಲಸ ಪ್ರತಿ ವರ್ಷ ಹೆಂಗಸರಿಗೆ ಬರುತ್ತದೆ. ಕಚೇರಿಯಲ್ಲಿ ಹೆಂಗಸರು ಇಬ್ಬರು. ಜಾಹೀರಾತು ವಿಭಾಗದಾಕೆ ಅವತ್ತು ಬಂದಿರಲಿಲ್ಲ. ಮ್ಯಾನೇಜರರು ಹಳೆಯ ಬನಿಯನ್ನಿನ ತುಂಡೊಂದನ್ನು ನನ್ನ ಕೈಗೆ ಕೊಟ್ಟು, “ಮೇಡಂ, ನಿಮ್ಮ ಕೈಗುಣ ಛಲೋ ಅದ. ಮೂಲ್ಯಾಗಿನ ಡಬ್ಬಿ ಸೈತ ಒರಸಿಬಿಡ್ರಿ,” ಎಂದರು.

ಮೂಲೆಯ ಡಬ್ಬಿ ಎಂದರೆ ಸ್ವಿಚ್. ದೀಪದ ಸ್ವಿಚ್ಚಲ್ಲ, ಹದಿನಾರು ತೂತುಗಳಿರುವ ಕಪ್ಪು ಪೆಟ್ಟಿಗೆ. ಪ್ರತಿ ಕಂಪ್ಯೂಟರಿನಿಂದ ಒಂದು ನೀಲಿ ತಂತಿ ಬಂದು ಅದರ ಒಂದೊಂದು ತೂತಿಗೆ ಸೇರುತ್ತದೆ. ಒಂದು ಯಂತ್ರ ಹೇಳಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವುದು ಅದರ ಕೆಲಸ. ಕಚೇರಿಯ ಎಲ್ಲ ಮಾತುಕತೆಯೂ ಅದರ ಮೂಲಕವೇ ಹೋಗಬೇಕು. ಅಂಥ ಪೆಟ್ಟಿಗೆಯನ್ನು ನಮ್ಮವರು ಇಟ್ಟದ್ದು ಕೈತೊಳೆಯುವ ಬೇಸಿನ್ನಿನ ಪಕ್ಕದ ಮೂಲೆಯಲ್ಲಿ, ನೆಲದಿಂದ ಮೊಳದೆತ್ತರದ ಹಲಗೆಯ ಮೇಲೆ. ಬೇಸಿನ್ನಿನವರೆಗೆ ಹೋಗಲಾರದವರು ಆ ಮೂಲೆಗೇ ಗುಟ್ಕಾ ಉಗುಳುತ್ತಿದ್ದರು. ಕಂದು ಗೆರೆಗಳು ಗೋಡೆಯಿಂದ ಇಳಿದು, ಪೆಟ್ಟಿಗೆಯ ಮೇಲೆ ಒಣಗಿ, ಪದರ ಪದರವಾಗಿ ಕಟ್ಟಿಕೊಂಡಿದ್ದವು. ಹಿಂದುಗಡೆ ಜಿರಲೆಯ ಮೊಟ್ಟೆಗಳು, ಹಲ್ಲಿಯ ಹಿಕ್ಕೆ, ಹಿಂದಿನ ವರ್ಷದ ಪೂಜೆಯಲ್ಲಿ ಇಟ್ಟು ಮರೆತಿದ್ದ ನಿಂಬೆಹಣ್ಣು. ಒದ್ದೆ ಬಟ್ಟೆ ತಾಗಿದ ಕೂಡಲೇ ಒಣಗಿದ ಉಗುಳು ಕರಗಿ ನನ್ನ ಬೆರಳಿಗೆ ಹತ್ತಿತು. ಸುಣ್ಣ, ಸುಗಂಧ ಮತ್ತು ಬಾಯಿಯ ವಾಸನೆ ಒಟ್ಟಿಗೆ ಎದ್ದಿತು. ಅದು ಯಾರ ಯಾರ ಬಾಯಿಯದೆಂದು ನನಗೆ ಗೊತ್ತಿತ್ತು. ಮೂವರೂ ಅಲ್ಲೇ ಕುರ್ಚಿಯಲ್ಲಿ ಕೂತು ತೆಂಗಿನಕಾಯಿಯ ಜುಟ್ಟು ಬಿಡಿಸುತ್ತಿದ್ದರು.

ಬೇಸಿಗೆಯಲ್ಲಿ ಆ ಮೂಲೆಯ ಹತ್ತಿರವಿದ್ದ ಒಂದು ಮೇಜನ್ನು ತೆಗೆದಿದ್ದರು. ಕಂಪ್ಯೂಟರ್ ಹೋಗಿತ್ತು, ಅದರ ತಂತಿ ಉಳಿದಿತ್ತು. ಒಂದು ತುದಿ ಸ್ವಿಚ್ಚಿನಲ್ಲೇ ಇತ್ತು, ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ನಾನು ತೊಳೆಯಲು ಹಾಕಿದ ನೀರು ಅಲ್ಲಿಗೆ ಹರಿಯಿತು. ಕ್ರೀಡಾ ವರದಿಗಾರ ಅದನ್ನು ತುಳಿದುಕೊಂಡು ಹೋದ.

“ಏ ಮಾರಾಯ, ಕಣ್ಣ ಎಲ್ಲಿ ಇಟ್ಟೀದಿ?” ಎಂದರು ಮ್ಯಾನೇಜರರು. “ಇವತ್ತ ಒಂದ ದಿನ ತುಳೀಬ್ಯಾಡ. ಅದೂ ಆಯುಧನ.”

ಖಂಡೆ ಪೂಜೆಯ ದಿನ ಕೆಲಸದ ಸಾಮಾನಿಗೆ ಕಾಲು ತಾಗಿಸಬಾರದೆಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸಿದ ರೂಢಿ. ಕುಡಗೋಲಾಗಲಿ, ತಕ್ಕಡಿಯಾಗಲಿ, ಹೊಲಿಗೆ ಯಂತ್ರವಾಗಲಿ, ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ನಾನು ಆ ತಂತಿಯ ತುದಿಯನ್ನು ನೀರಿನಿಂದ ಎತ್ತಿದೆ. ಕಣ್ಣಿಗೆ ಒತ್ತಿಕೊಂಡೆ. ಸೆರಗಿನಿಂದ ಒರೆಸಿದೆ. ನೆಲಕ್ಕೆ ಮತ್ತೆ ಬಿಡುವ ಹಾಗಿರಲಿಲ್ಲ, ಯಾರಾದರೂ ತುಳಿಯುತ್ತಾರೆ. ಸ್ವಿಚ್ಚಿನಲ್ಲಿ ಕೆಲವು ತೂತುಗಳು ಖಾಲಿ ಇದ್ದವು. ಒಂದಕ್ಕೆ ಒತ್ತಿದೆ. ಟಕ್ ಎಂದು ಕೂತಿತು. ಮೇಲೊಂದು ಬೊಟ್ಟು ಕುಂಕುಮ ಇಟ್ಟೆ. ನೋಡಲು ಅಚ್ಚುಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಉಸ್ತಾದ್ ಬಂದರು. ಅವರ ಹೆಸರು ಬೇರೆ. ಕಚೇರಿಯಲ್ಲಿ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಐವತ್ತೈದರ ಆಸುಪಾಸಿನವರು, ಕಮಲಾಪುರದವರು. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಬಂದು ನಮ್ಮ ಕಂಪ್ಯೂಟರುಗಳನ್ನೂ ತಂತಿಗಳನ್ನೂ ನೋಡಿಕೊಳ್ಳುತ್ತಿದ್ದರು. ಪ್ರತಿ ವರ್ಷ ಖಂಡೆ ಪೂಜೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತಿದ್ದರು. ಅವತ್ತೂ ತಂದರು. ಸ್ವಿಚ್ಚಿನ ಹತ್ತಿರ ಹೋಗಿ, ಕರೆಂಟಿನ ವೈರಿಗೆ ನೀರು ತಾಗಿಲ್ಲವೆಂದು ನೋಡಿದರು.

“ಮೇಡಂ, ನೀರ ಕಡಿಮಿ ಹಾಕ್ರಿ. ಇದಕ್ಕ ಜಳಕ ಬ್ಯಾಡ,” ಎಂದು ನಕ್ಕರು. ಆರತಿಯಾದ ಮೇಲೆ ಪ್ರಸಾದ ಕಟ್ಟಿಸಿಕೊಂಡು ಬಸ್ಸಿಗೆ ಹೋದರು. ಕಚೇರಿಗೆ ಬೀಗ ಬಿತ್ತು.

ಮರುದಿನ ಮೂರು ಗಂಟೆಗೆ ಕರೆಂಟ್ ಹಾಕಿದಾಗ ಆದದ್ದನ್ನು ಮೊದಲೇ ಹೇಳಿದ್ದೇನೆ. ಸ್ವಿಚ್ಚಿನ ಮೇಲಿನ ಹಸಿರು ದೀಪಗಳು ಎಲ್ಲವೂ ಒಟ್ಟಿಗೆ, ಕಣ್ಣು ಕೋರೈಸುವಷ್ಟು ವೇಗವಾಗಿ ಮಿಟುಕುತ್ತಿದ್ದವು. ಮ್ಯಾನೇಜರರು ಬಗ್ಗಿ ನೋಡಿ, “ಲೈಟ್ ಎಷ್ಟ ಜೋರ್ ಹೊಡ್ಯಾಕತ್ತಾವ ನೋಡ್ರಿ. ನೆಟ್ ಸ್ಟ್ರಾಂಗ್ ಅದ. ಸರ್ವರ್ ಡೌನ್ ಇರಬೇಕು,” ಎಂದರು.

‘ಸರ್ವರ್ ಡೌನ್’ ಎಂಬುದು ಈ ಊರಿನ ಪ್ರತಿ ಕಿಟಕಿಯಲ್ಲೂ ಕೇಳಿಬರುವ ಮಾತು. ಊಟಕ್ಕೆ ಹೋಗಬೇಕಾದರೂ ಅದೇ, ಕೆಲಸ ಬಾರದಿದ್ದರೂ ಅದೇ, ಎದುರು ನಿಂತವರ ಮುಖ ಹಿಡಿಸದಿದ್ದರೂ ಅದೇ. ನಮ್ಮಲ್ಲಿ ಸರ್ವರ್ ಎಂದರೆ ಪುಟಗಳನ್ನೆಲ್ಲ ಇಟ್ಟ ಒಂದು ದೊಡ್ಡ ಕಂಪ್ಯೂಟರ್, ಅಷ್ಟೇ. ಅದು ನನ್ನ ಎದುರಿಗೇ ಇತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಹಾಗೆಂದು ಹೇಳಿದೆ.

“ನೀವ ಸುದ್ದಿ ನೋಡ್ರಿ ಮೇಡಂ, ಮಶಿನ್ ನಾವ ನೋಡ್ತೀವಿ,” ಎಂದರು ಮ್ಯಾನೇಜರರು.

ಅವರು ಎರಡು ಫೋನ್ ಮಾಡಿದರು. ಒಂದು ಉಸ್ತಾದರಿಗೆ. ಇನ್ನೊಂದು ತಮ್ಮ ಹೆಂಡತಿಯ ತಮ್ಮನಿಗೆ; ಆತನಿಗೆ ಸೂಪರ್ ಮಾರ್ಕೆಟ್‌ನಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇದೆ. ಭಾವಮೈದ ಹದಿನೈದು ನಿಮಿಷಕ್ಕೆ ಬಂದ. ಹೊಸ ಜುಬ್ಬಾ, ಬಾಯಲ್ಲಿ ಎಲೆಯಡಿಕೆ. ಸ್ವಿಚ್ಚನ್ನು ಬೂಟಿನ ತುದಿಯಿಂದ ಸರಿಸಿ ನೋಡಿದ. ಆಮೇಲೆ ಮಾತಾಡಿದ.

“ಐಪಿ ಕಾನ್‌ಫ್ಲಿಕ್ಟ್ ಆಗ್ಯಾದ ಭಾವ. ಗೇಟ್‌ವೇ ಹ್ವಾದಂಗ ಕಾಣತದ. ಡಿಎನ್‌ಎಸ್ ಯಾರೋ ಚೇಂಜ್ ಮಾಡ್ಯಾರ. ಇದು ಒಳಗಿನವರ ಕೆಲಸ. ಪಾಸ್‌ವರ್ಡ್ ಯಾರ ಹಂತ್ಯಾಕ ಅದ?”

“ಉಸ್ತಾದನ ಹಂತ್ಯಾಕ.”

“ಹಾಂ,” ಎಂದ ಆತ.

ಆತ ಉದುರಿಸಿದ ಪದಗಳು ನನಗೆ ಗೊತ್ತಿದ್ದವು. ಎರಡು ವರ್ಷದ ಹಿಂದೆ ನಮ್ಮ ವಿದ್ಯಾರ್ಥಿ ಪುರವಣಿಗೆ ‘ಕಂಪ್ಯೂಟರ್ ಜಾಲ: ಹತ್ತು ಪದಗಳು’ ಎಂಬ ಪುಟ ಮಾಡಿದ್ದೆ. ಹೇಳಿಕೊಟ್ಟವರು ಉಸ್ತಾದ್. ಮೂರು ಮಧ್ಯಾಹ್ನ ಚಹಾ ಕುಡಿಯುತ್ತ ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಐಪಿ ಎಂದರೆ ಯಂತ್ರದ ನಂಬರ್: “ಒಂದ ಆಫೀಸಿನ್ಯಾಗ ಇಬ್ಬರಿಗೆ ಒಂದ ನಂಬರ್ ಬಂತಂದ್ರ ಜಗಳ. ಇಬ್ಬರದೂ ಕೆಲಸ ಬಂದ್.” ರೂಟರ್ ಎಂದರೆ ಹೊರಗಿನ ದಾರಿ: “ಸ್ವಿಚ್ ಮನಿಯೊಳಗ ಮಾತಾಡಸ್ತದ. ರೂಟರ್ ಊರ ಹೊರಗ ಒಯ್ತದ. ಮನಿಯಿಂದ ಹೊರಗ ಹೋಗೂ ಬಾಗಿಲಕ್ಕ ಗೇಟ್‌ವೇ ಅಂತಾರ.” ಡಿಎನ್‌ಎಸ್ ಬಗ್ಗೆ ನನ್ನನ್ನೇ ಕೇಳಿದ್ದರು: “ನಿಮಗ ಸಾಹೇಬರ ಫೋನ್ ನಂಬರ್ ಬಾಯಿಪಾಠ ಅದ ಏನ್ರಿ? ಇಲ್ಲ. ಹೆಸರ ಒತ್ತತೀರಿ, ನಂಬರ್ ಫೋನ್ ಹುಡುಕತದ. ಇಂಟರ್‌ನೆಟ್ಟಿನ್ಯಾಗ ಆ ಕೆಲಸ ಮಾಡಾಂವ ಡಿಎನ್‌ಎಸ್.” ಪಿಂಗ್ ಎಂದರೆ ಇದ್ದೀಯಾ ಎಂದು ಕೂಗಿ ಕೇಳುವುದು: “ಓ ಅಂದ್ರ ಜೀವಂತ ಅದಾನ. ಎಷ್ಟೊತ್ತಿಗೆ ಓ ಅಂದ ಅನ್ನೂದೂ ಬರಕೋರಿ, ತಡಾ ಆದ್ರ ದಾರ್‍ಯಾಗ ಏನೋ ಅದ ಅಂತ.”

ಈ ಲೆಕ್ಕದಲ್ಲಿ ಭಾವಮೈದ ಹೇಳಿದ್ದರಲ್ಲಿ ಒಂದಕ್ಕೊಂದು ಸಂಬಂಧವಿರಲಿಲ್ಲ. ಡಿಎನ್‌ಎಸ್ ಬದಲಾದರೆ ಮೂಲೆಯ ಪ್ರಿಂಟರ್ ಯಾಕೆ ನಿಲ್ಲಬೇಕು? ಗೇಟ್‌ವೇ ಹೋದರೆ ಹೊರಗಿನ ದಾರಿ ಹೋಗುತ್ತದೆ, ಮನೆಯೊಳಗಿನ ಮಾತಲ್ಲ. ಆತ ಪದಗಳನ್ನು ಉಗುಳಿನಂತೆ ಉಪಯೋಗಿಸುತ್ತಿದ್ದ, ಎದುರಿನವರು ಹಿಂದೆ ಸರಿಯಲಿ ಎಂದು. ಎಲ್ಲರೂ ಸರಿದು ನಿಂತಿದ್ದರು.

ಉಸ್ತಾದ್ ಬಂದಾಗ ನಾಲ್ಕೂವರೆ. ಹಬ್ಬದ ದಿನ ಬಸ್ಸು ಕಡಿಮೆ. ಯಾರದೋ ಟೆಂಪೋದಲ್ಲಿ ಹಿಂದೆ ಕೂತು ಬಂದಿದ್ದರು. ಸ್ವಿಚ್ಚಿನ ದೀಪಗಳನ್ನು ಒಂದು ಕ್ಷಣ ನೋಡಿದರು. ಕಂಪ್ಯೂಟರ್ ಮುಟ್ಟಲಿಲ್ಲ. ಕೆಳಗೆ ಕೂತು ಒಂದೊಂದೇ ತಂತಿ ಕೀಳುತ್ತ ಬಂದರು. ಕಿತ್ತು, ದೀಪ ನೋಡಿ, ಮತ್ತೆ ಹಾಕಿ, ಮುಂದಿನದಕ್ಕೆ ಹೋಗುತ್ತಿದ್ದರು. ಒಂಬತ್ತನೆಯದನ್ನು ಕಿತ್ತಾಗ ದೀಪಗಳ ಓಟ ನಿಂತಿತು. ಒಂದೊಂದೇ, ನಿಧಾನವಾಗಿ, ತಮ್ಮ ತಮ್ಮ ಹೊತ್ತಿಗೆ ಮಿಟುಕತೊಡಗಿದವು. ಪ್ರಿಂಟರ್ ಎರಡು ತಾಸಿನಿಂದ ಕಾದಿದ್ದ ಹಾಳೆಗಳನ್ನು ಹೊರಹಾಕಿತು.

ಅವರು ಕೈಯಲ್ಲಿದ್ದ ತುದಿಯನ್ನು ಹಿಡಿದು ತಂತಿಯ ಉದ್ದಕ್ಕೂ ಬೆರಳಾಡಿಸಿದರು. ಅದು ಸುತ್ತಿ ಬಂದು ಅದೇ ಪೆಟ್ಟಿಗೆಯ ಇನ್ನೊಂದು ತೂತಿಗೆ ಸೇರಿತ್ತು.

“ಲೂಪ್,” ಎಂದರು. “ಎರಡೂ ತುದಿ ಒಂದ ಡಬ್ಬಿಗೆ ಹಾಕ್ಯಾರ. ಒಂದು ಯಂತ್ರ ಇನ್ನೊಂದಕ್ಕ ಹುಡುಕಬೇಕಾದ್ರ ಮೊದಲ ಎಲ್ಲರಿಗೂ ಕೂಗಿ ಕೇಳತದ, ಈ ನಂಬರ್ ಯಾರದು ಅಂತ. ಸ್ವಿಚ್ ಆ ಕೂಗು ತಗೊಂಡು ಎಲ್ಲಾ ತೂತಿನ್ಯಾಗ ಹಾಕತದ. ಆ ತೂತಿಂದ ಹ್ವಾದ ಕೂಗು ಈ ತೂತಿಂದ ತಿರುಗಿ ಒಳಗ ಬಂತು. ಅದಕ್ಕೇನ್ ಗೊತ್ತು ಇದು ತನ್ನ ಕೂಗ ಅಂತ? ಹೊಸಾದು ಅಂದಕೊಂಡು ಮತ್ತ ಎಲ್ಲರಿಗೂ ಹಾಕ್ತು. ಮತ್ತ ಬಂತು. ಇದಕ್ಕ ಮುಗತಾಯ ಇಲ್ಲ. ಕೂಗಿನ್ಯಾಗ ಕೆಲಸದ ಮಾತಿಗಿ ಜಾಗಾನ ಉಳಿಯಂಗಿಲ್ಲ.”

ಆಮೇಲೆ ತಲೆಯೆತ್ತಿ ಕೇಳಿದರು, “ಯಾರ್ ಹಾಕಿದ್ರಿ ಇದು?”

ನನಗೆ ಆ ಟಕ್ ಎಂಬ ಸದ್ದು ನೆನಪಾಯಿತು. ಇನ್ನೊಂದೂ ನೆನಪಾಯಿತು. ಉಸ್ತಾದ್ ಹೇಳಿಕೊಟ್ಟಿದ್ದು ಹತ್ತು ಪದಗಳನ್ನಲ್ಲ, ಹನ್ನೊಂದು. ಕೊನೆಯದು ಲೂಪ್. ಪುಟದಲ್ಲಿ ಜಾಗ ಸಾಲದೆ ಅದನ್ನು ತೆಗೆದವಳು ನಾನೇ.

ನಾನು ಬಾಯಿ ತೆರೆಯುವುದಕ್ಕೆ ಬೇಕಾದಷ್ಟು ಹೊತ್ತು ಇತ್ತು. ತೆರೆಯಲಿಲ್ಲ. ಪುಟಗಳು ತಡವಾಗಿವೆ, ಮೊದಲು ಅವು ಹೋಗಲಿ, ಆಮೇಲೆ ಹೇಳೋಣ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅದು ಸುಳ್ಳು. ಆ ಮೂವರು ಉಗುಳುಗಾರರ ಮುಂದೆ, ಆ ಭಾವಮೈದನ ಮುಂದೆ ನಗೆಗೀಡಾಗುವುದು ನನಗೆ ಬೇಡವಾಗಿತ್ತು.

ಮ್ಯಾನೇಜರರು ಉತ್ತರ ಕೊಟ್ಟರು. “ಯಾರ್ ಹಾಕತಾರ? ನಿನ್ನಿ ಕಡೀಕ ಡಬ್ಬಿ ಹಂತ್ಯಾಕ ಹ್ವಾದಾಂವ ನೀನ. ನಾವೆಲ್ಲಾ ನೋಡೀವಿ.”

“ನಾ ನೀರ ನೋಡ್ದೆ ಸಾಬ್. ವೈರ್ ಮುಟ್ಟಿಲ್ಲ.”

“ಮತ್ತ ದೇವರ ಬಂದು ಹಾಕಿದ್ನೇನು?”

ಯಾರೋ ನಕ್ಕರು. ಭಾವಮೈದ ಬೇಸಿನ್ನಿನ ಕಡೆಗೆ ಬಾಗಿ ಉಗುಳಿ ಬಂದು ಹೇಳಿದ: “ತಾನ ಕೆಡಿಸೋದು, ತಾನ ರಿಪೇರಿ ಮಾಡೋದು. ಹಿಂಗಾದ್ರ ಹಬ್ಬದ ದಿನಾನೂ ಕರೀಬೇಕಾಗತದಲ್ಲ. ನಮ್ಮ ಲೈನಿನ್ಯಾಗ ಇದು ಹಳೀ ಆಟ.” ತಡೆದು ಸೇರಿಸಿದ, “ಪೂಜಾ ನಡದಾಗ ಕೈ ಎಲ್ಲೆಲ್ಲಿ ಹೋಗತಾವ ಯಾರಿಗ್ ಗೊತ್ತು.”

ನಮ್ಮ ಪೂಜೆಯಲ್ಲಿ ಒಬ್ಬ ಮುಸ್ಲಿಮನ ಕೈ ಎಂಬ ಈ ಕೊನೆಯ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು. ಯಾರೂ ಅದನ್ನು ಅಲ್ಲಗಳೆಯಲಿಲ್ಲ. ನಾನೂ ಅಲ್ಲಗಳೆಯಲಿಲ್ಲ. ಉಸ್ತಾದ್ ಆ ತಂತಿಯ ಎರಡೂ ತುದಿ ಬಿಚ್ಚಿ, ಸುರುಳಿ ಸುತ್ತಿ, ಹಲಗೆಯ ಮೇಲಿಟ್ಟು ಎದ್ದರು.

ಆರು ಗಂಟೆಗೆ ಮ್ಯಾನೇಜರರು ಬನ್ನಿ ಎಲೆಯ ತಟ್ಟೆ ಹಿಡಿದು ಮೇಜಿಂದ ಮೇಜಿಗೆ ಬಂದರು. ಎಲ್ಲರ ಕೈಗೂ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ,” ಎಂದರು. ಒಂದು ತಾಸಿನ ಹಿಂದೆ ತಪ್ಪು ಹೊರಿಸಿದ ಮನುಷ್ಯನ ಕೈಗೂ ಅದೇ ನಗುವಿನಿಂದ ಎಲೆ ಇಟ್ಟರು, ಅದೇ ಮಾತು ಹೇಳಿದರು. ಉಸ್ತಾದ್ ಎರಡೂ ಕೈಯಲ್ಲಿ ತಗೊಂಡು, “ಇರೋಣ್ರಿ,” ಎಂದು ಅಂಗಿಯ ಕಿಸೆಗೆ ಹಾಕಿಕೊಂಡರು. ನಾನು ಹೋಗಿ ಬೇಸಿನ್ನಿನಲ್ಲಿ ಮುಖ ತೊಳೆದೆ.

ಪುಟಗಳು ಹೊತ್ತಿಗೆ ಸರಿಯಾಗಿ ಮುದ್ರಣಕ್ಕೆ ಹೋದವು. ನಾನು ಏನೂ ಹೇಳದೆ ಮನೆಗೆ ಹೋದೆ.

ಉಸ್ತಾದರಿಗೆ ನಮ್ಮ ಕಚೇರಿಯ ಕೆಲಸವೊಂದೇ ಮುಖ್ಯವಾಗಿರಲಿಲ್ಲ. ಜಗತ್ ಸರ್ಕಲ್ಲಿನಲ್ಲಿ ಒಂದು ಕಣ್ಣಿನ ದವಾಖಾನೆ, ಒಂದು ಫೋಟೋ ಸ್ಟುಡಿಯೋ ಅವರನ್ನು ಕರೆಯುತ್ತಿದ್ದವು. ಇಬ್ಬರೂ ಕರೆದದ್ದು ‘ಪೇಪರ್ ಆಫೀಸಿನ ನೆಟ್ ನೋಡಾಂವ’ ಎಂಬ ಮಾತಿನ ಮೇಲೆ. ಕಲಬುರಗಿಯಲ್ಲಿ ಅವರಿಗಿದ್ದ ಎಲ್ಲ ಕೆಲಸವೂ ಆ ಒಂದು ಮಾತಿನ ಮೇಲೆ ನಿಂತಿತ್ತು. ಪರರ ಯಂತ್ರದ ಪಾಸ್‌ವರ್ಡ್ ಇಟ್ಟುಕೊಳ್ಳುವವನಿಗೆ ನಂಬಿಕೆ ಬಿಟ್ಟರೆ ಬೇರೆ ಬಂಡವಾಳವಿಲ್ಲ.

ಮುಂದಿನ ವಾರ ಅವರಿಗೆ ಬರಬೇಡವೆಂದು ಹೇಳಲಾಯಿತು. ಅದರ ಮುಂದಿನ ವಾರ ನಗರ ವರದಿಗಾರ ಸುದ್ದಿ ತಂದ: “ಕಣ್ಣಿನ ದವಾಖಾನಿಯವರೂ ಉಸ್ತಾದಗ ಬಿಡಿಸ್ಯಾರಂತ. ನೋಡ್ರಿ, ಹೊರಗೂ ಅದೇ ಅನ್ನಾಕತ್ತಾರ.”

“ದವಾಖಾನಿಯವರಿಗೆ ಯಾರ್ ಹೇಳಿದ್ರು?” ಎಂದು ಕೇಳಿದೆ.

“ಸ್ಟುಡಿಯೋದವರು.”

“ಅವರಿಗೆ?”

ಅವನು ತಲೆ ಕೆರೆದುಕೊಂಡ. “ನಾನ ಹೇಳಿರಬೇಕು ಮೇಡಂ, ಚಾ ಕುಡಿಯಾಕ ಹೋದಾಗ.”

ಆ ಮಾತು ಹೊರಟದ್ದು ನಮ್ಮ ಕಚೇರಿಯಿಂದ. ಎರಡು ಅಂಗಡಿ ಸುತ್ತಿ, ನಮ್ಮ ಕಚೇರಿಗೇ ಹೊರಗಿನ ಸಾಕ್ಷಿಯಾಗಿ ಮರಳಿ ಬಂದಿತ್ತು. ಮ್ಯಾನೇಜರರು ಅದನ್ನು ಕೇಳಿ ತಲೆದೂಗಿದರು.

ಮೂರನೇ ವಾರ ಮ್ಯಾನೇಜರರು ನನ್ನ ಮೇಜಿನ ಹತ್ತಿರ ಬಂದರು. ಉಸ್ತಾದರ ಕೆಲಸವನ್ನು ಭಾವಮೈದ ವಹಿಸಿಕೊಂಡ ಮೇಲೆ ಎರಡು ಸಲ ಪ್ರಿಂಟರ್ ನಿಂತಿತ್ತು. ಉಸ್ತಾದರನ್ನೇ ಯಾಕೆ ಕರೆಯಬಾರದು ಎಂದು ಮಾಲೀಕರು ಕೇಳಿದ್ದರಂತೆ.

“ಅವನಿಗಿ ತಿರುಗಿ ತಗೋಬೇಕಂದ್ರ ಒಂದು ಮಾಫಿನಾಮೆ ಇರಲಿ ಅಂತ ಸಾಹೇಬ್ರು ಅಂದಾರ. ತಪ್ಪು ನಂದು, ಇನ್ನೊಮ್ಮೆ ಆಗಂಗಿಲ್ಲ ಅಂತ. ಅವಗ ಕನ್ನಡ ಬರಿಯಾಕ ಅಷ್ಟ ಬರಂಗಿಲ್ಲ. ನೀವ ಬರದು ಕೊಡ್ರಿ ಮೇಡಂ, ನಿಮ್ಮ ಭಾಷಾ ಛಲೋ ಅದ. ಅವ ಸಹಿ ಮಾಡತಾನ.”

ನಾನು ಮಾಡಿದ ತಪ್ಪಿಗೆ ಅವರ ಕ್ಷಮಾಪಣೆಯನ್ನು ನಾನೇ ಬರೆಯಬೇಕಿತ್ತು, ಒಳ್ಳೆಯ ಕನ್ನಡದಲ್ಲಿ. ಹಾಳೆ ತೆಗೆದುಕೊಂಡೆ. ಐದು ಸಾಲು ಬರೆದೆ. ಖಂಡೆ ಪೂಜೆಯ ದಿನ ಬೆಳಗ್ಗೆ ನೆಲದ ಮೇಲಿದ್ದ ತಂತಿಯ ತುದಿಯನ್ನು ಸ್ವಿಚ್ಚಿಗೆ ಹಾಕಿದ್ದು ನಾನು, ಉಸ್ತಾದ್ ಬರುವ ಮೊದಲೇ ಹಾಕಿದ್ದೆ, ಮರುದಿನ ಜಾಲ ನಿಂತದ್ದಕ್ಕೆ ಅದೊಂದೇ ಕಾರಣ, ಅವರ ಮೇಲೆ ಹೊರಿಸಿದ ಆರೋಪಕ್ಕೆ ಆಧಾರವಿಲ್ಲ, ಗೊತ್ತಿದ್ದೂ ಸುಮ್ಮನಿದ್ದೆ. ಕೆಳಗೆ ಸಹಿ ಹಾಕಿದೆ.

ಮ್ಯಾನೇಜರರು ಎರಡು ಸಲ ಓದಿದರು. “ಇದು ಬ್ಯಾಡ್ರಿ ಮೇಡಂ. ನೀವ ಅಂದ್ರ ಪತ್ರಿಕಾ ಇದ್ದಂಗ. ಆಫೀಸಿನ ಮರ್ಯಾದಿ ಪ್ರಶ್ನಾ. ಅವ ಸಹಿ ಮಾಡಿದ್ರ ಯಾರಿಗಿ ಏನ್ ಲುಕ್ಸಾನ ಅದ?”

ಹಾಳೆಯನ್ನು ಮಡಿಸಿ ತಮ್ಮ ಡ್ರಾಯರಿನಲ್ಲಿಟ್ಟರು. ನನ್ನ ಬಳಿ ಅದರ ಪ್ರತಿ ಇತ್ತು.

ಆ ಭಾನುವಾರ ಹುಮನಾಬಾದ್ ಕಡೆಗೆ ಹೋಗುವ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಸುಮಾರು ಒಂದು ತಾಸಿನ ದಾರಿ. ಉಸ್ತಾದರ ಅಂಗಡಿ ಮುಖ್ಯ ರಸ್ತೆಗೆ ಹೊಂದಿಕೊಂಡ ಒಂದು ಶಟರ್. ಮಿಕ್ಸರ್, ಟಿವಿ ರಿಮೋಟ್, ಮೊಬೈಲ್ ಚಾರ್ಜರ್ ರಿಪೇರಿಗೆ ಬಂದು ಸಾಲಾಗಿ ಕೂತಿದ್ದವು. ನೆಲ ಗುಡಿಸಿ, ನೀರು ಚಿಮುಕಿಸಿದ್ದರು. ಮೂರು ವಾರದಲ್ಲಿ ನಾನು ಕಂಡ ಮೊದಲ ಸ್ವಚ್ಛ ಜಾಗ ಅದು. ಅವರು ಒಂದು ಹೊಸ ತಂತಿಯ ತುದಿ ಕಟ್ಟುತ್ತಿದ್ದರು. ಒಳಗಿನ ಎಂಟು ಎಳೆಗಳನ್ನು ಬಣ್ಣದ ಸಾಲಿಗೆ ಜೋಡಿಸಿ, ಒಂದೇ ಮಟ್ಟಕ್ಕೆ ಕತ್ತರಿಸಿ, ಪಾರದರ್ಶಕ ಟೊಪ್ಪಿಗೆಯೊಳಗೆ ತೂರಿಸಿ ಇಕ್ಕಳದಿಂದ ಒತ್ತುವ ಕೆಲಸ. ಅದು ಮುಗಿಯುವವರೆಗೆ ತಲೆ ಎತ್ತಲಿಲ್ಲ.

“ಬರ್ರಿ ಮೇಡಂ. ಕೂಡ್ರಿ. ಅರೇ, ಚಾಯ್ ಭೇಜೋ ಜೀ,” ಎಂದು ಪರದೆಯ ಒಳಗೆ ಕೂಗಿದರು.

ನಾನು ಹಾಳೆ ಕೊಟ್ಟೆ. ಅವರು ಕನ್ನಡ ನಿಧಾನವಾಗಿ ಓದುತ್ತಾರೆ, ಬೆರಳಿಟ್ಟು. ಓದಿ ಮಡಿಸಿದರು.

“ನನಗ ಗೊತ್ತಿತ್ತು,” ಎಂದರು.

“ಹ್ಯಾಂಗ?”

“ನಾ ಯಾರ್ ಹಾಕಿದ್ರಿ ಅಂದಾಗ ಎಲ್ಲಾರೂ ವೈರ್ ಕಡಿ ನೋಡಿದ್ರು. ನೀವ ಒಬ್ರು ನನ್ನ ಕಡಿ ನೋಡಿದ್ರಿ. ಹೇಳತೀರಂತ ಕಾದೆ. ಏಳರ ಬಸ್ ತನಕ ಜಗತ್‌ನ್ಯಾಗ ನಿಂತೆ, ಫೋನ್ ಬರತದಂತ.”

ನಾನು ಕತ್ತರಿಸಿ ಬಿದ್ದ ಎಳೆಗಳ ಚೂರುಗಳನ್ನು ಒಂದು ಕಡೆ ಕೂಡಿಹಾಕಿದೆ.

“ತಪ್ಪು ನಂದೂ ಅದ,” ಎಂದರು ಅವರು. “ಮೇಜ ತಗದಾಗ ವೈರ್ ಬಿಚ್ಚಿ ಒಯ್ಯಬೇಕಿತ್ತು. ಹೊಸಾ ಮೇಜ ಬರತದ, ಇರಲಿ ಅಂದ್ರು, ಬಿಟ್ಟೆ. ಒಂದ ತುದಿ ಕಟ್ಟಿದ ವೈರ್ ನೆಲಕ್ಕ ಬಿಡಬಾರದು. ಅಷ್ಟ ನಂದು. ಕಳವು ನಂದಲ್ಲ.”

“ಕಳವು ಅಂತ ಯಾರೂ ಅಂದಿಲ್ಲ, ಉಸ್ತಾದ್.”

“ತಾನ ಕೆಡಿಸಿ ತಾನ ರಿಪೇರಿ ಮಾಡಾಂವಗ ಏನಂತಾರ ಮತ್ತ? ಇಮಾಮ್ ಅಂತಾರೇನು?”

ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು. “ಪೂಛೋ ಉನಕು, ಕೇಲೇ ಕೈಸೇ ಥೇ.” ಬಾಳೆಹಣ್ಣು ಹೇಗಿದ್ದವೆಂದು ಕೇಳಿ ಅವರನ್ನು, ಎಂದು. ಉಸ್ತಾದ್ ಸುಮ್ಮನಿರೆಂದು ಸನ್ನೆ ಮಾಡಿದರು. ಚಹಾ ಬಂತು. ಕಪ್ಪನ್ನು ಠಪ್ಪೆಂದು ನನ್ನ ಮುಂದಿಟ್ಟು ಆಕೆ ಒಳಗೆ ಹೋದರು. ಮುಖ ನೋಡಲಿಲ್ಲ.

“ಮಾಫಿನಾಮೆಗೆ ಸಹಿ ಮಾಡ್ತೀರೇನು?” ಎಂದು ಕೇಳಿದೆ.

“ಮಾಡಿದ್ರ ನಿಮ್ಮ ಆಫೀಸಿನ ಕೆಲಸ ಬರತದ. ದವಾಖಾನಿ, ಸ್ಟುಡಿಯೋ ಎರಡೂ ಕಾಯಂ ಹೋಗತಾವ. ಸಹಿ ಮಾಡಿದ ಕಳ್ಳಗ ಯಾರ್ ಒಳಗ ಬಿಡತಾರ? ಮಾಡಂಗಿಲ್ಲ.” ಹಾಳೆಯನ್ನು ನನಗೆ ತಿರುಗಿ ಕೊಟ್ಟರು. “ಇದು ನನಗ್ಯಾಕ ಓದಸ್ತೀರಿ ಅಕ್ಕಾ? ನನಗ ಗೊತ್ತದ. ನಿಮ್ಮ ಪೇಪರಿನ್ಯಾಗ ತಪ್ಪ ಆದ್ರ ಏನ್ ಮಾಡತೀರಿ?”

“ತಿದ್ದುಪಡಿ ಹಾಕ್ತೀವಿ.”

“ಓದಿದವರಿಗಿ ಕಾಣೂವಂಗ ಹಾಕತೀರೋ, ಮನಿಗಿ ಹೋಗಿ ಕಿವ್ಯಾಗ ಹೇಳಿ ಬರತೀರೋ?”

ಚಹಾ ಕುಡಿದು ಎದ್ದೆ. ಅವರು ಬಸ್ಸಿನವರೆಗೆ ಬರಲಿಲ್ಲ. ಬೇರೆ ಸಲ ಯಾರು ಬಂದರೂ ಬರುತ್ತಾರೆಂದು ಕೇಳಿದ್ದೆ.

ಸೋಮವಾರ ಬೆಳಗ್ಗೆ ನಮ್ಮಲ್ಲಿ ವಾರದ ಸಭೆ. ಮಾಲೀಕರು ಬರುತ್ತಾರೆ. ವಾರದ ತಪ್ಪುಗಳನ್ನು ಓದಿ ಹೇಳುವ ಕೆಲಸ ನನ್ನದು. ಯಾವ ತಲೆಬರಹ ಕೆಟ್ಟಿತು, ಯಾವ ಊರಿನ ಹೆಸರು ತಪ್ಪಾಯಿತು. ಅವತ್ತು ಪಟ್ಟಿಯ ಮೊದಲಿಗೆ ಆ ಐದು ಸಾಲು ಓದಿದೆ. ಮೂಲೆಯನ್ನು ತೋರಿಸಿ, ಯಾವ ತೂತಿನಿಂದ ಯಾವ ತೂತಿಗೆ ಎಂದು ಹೇಳಿದೆ.

ಕ್ರೀಡಾ ವರದಿಗಾರ, “ವೈರಿಗಿ ನಮಸ್ಕಾರ ಮಾಡೀರಿ ಮೇಡಂ, ಅದು ಪ್ರಸನ್ನ ಆಗಿ ಕುಣದಾದ,” ಎಂದ. ದೊಡ್ಡ ನಗೆ ಎದ್ದಿತು. ಮೂಲೆಗೆ ಉಗುಳುವ ಮೂವರೂ ನಕ್ಕರು. ಮಾಲೀಕರು ಫೋನಿನಿಂದ ಕಣ್ಣು ತೆಗೆಯದೆ ನಕ್ಕರು. ನಾಲ್ಕು ವಾರ ಯಾವುದಕ್ಕೆ ಹೆದರಿ ಸುಮ್ಮನಿದ್ದೆನೋ ಅದು ಅರ್ಧ ನಿಮಿಷದಲ್ಲಿ ಮುಗಿಯಿತು. ಅಷ್ಟೇ ಇತ್ತು ಅದು.

“ಇದನ್ನು ನೋಟೀಸ್ ಬೋರ್ಡಿಗೆ ಹಚ್ಚಬೇಕು,” ಎಂದೆ.

“ಹೇಳಿದ್ರಲ್ಲ, ಮುಗೀತು,” ಎಂದರು ಮಾಲೀಕರು. “ಈಗ ಬಿಡ್ರಿ. ಹೊಸಬರಿಗಿ ಮೊನ್ನಿ ವರ್ಷದ ಕಾಂಟ್ರಾಕ್ಟ್ ಬರದು ಕೊಟ್ಟಾಗ್ಯಾದ.”

“ಉಸ್ತಾದಗ ಬೇಕಾದ್ರ ನಾ ಫೋನ್ ಮಾಡಿ ಹೇಳ್ತೀನಿ, ಏನೂ ಮನಸಿನ್ಯಾಗ ಇಟ್ಕೋಬ್ಯಾಡ ಅಂತ,” ಎಂದರು ಮ್ಯಾನೇಜರರು. ಭಾವಮೈದನ ಹೆಸರನ್ನು ಯಾರೂ ಎತ್ತಲಿಲ್ಲ. ಪೂಜೆಯ ಹೊತ್ತಿನ ಕೈಗಳ ಬಗ್ಗೆ ಆತ ಆಡಿದ ಮಾತನ್ನೂ ಎತ್ತಲಿಲ್ಲ. ನಾನು ಎತ್ತಿದಾಗ, “ಅವ ಹಂಗ ಅಂದೇ ಇಲ್ಲ,” ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಅಂದದ್ದನ್ನು ನಾನು ಅವತ್ತೇ ಬರೆದಿಟ್ಟುಕೊಂಡಿದ್ದೇನೆ, ಮಾತು ಮಾತಿಗೆ.

ಅದೇ ಮಧ್ಯಾಹ್ನ ಹಾಳೆಯ ಎರಡು ಪ್ರತಿ ತೆಗೆದುಕೊಂಡು ಜಗತ್‌ಗೆ ನಡೆದೆ. ಕಣ್ಣಿನ ದವಾಖಾನೆಯ ಡಾಕ್ಟರು ನಿಂತೇ ಓದಿದರು. “ನಿಮ್ಮ ಆಫೀಸಿನವರ ಹೇಳ್ಯಾರಂತ ಸ್ಟುಡಿಯೋದವರು ಅಂದಿದ್ರಲ್ಲ?” ಎಂದು ಕೇಳಿದರು. ಹೇಳಿದ್ದು ತಪ್ಪು ಎಂದೆ. ಹಾಳೆಯನ್ನು ಇಟ್ಟುಕೊಂಡರು. ಸ್ಟುಡಿಯೋದವರು ಗಿರಾಕಿಗಳ ನಡುವೆ, “ಆಯ್ತ್ರಿ, ನೋಡೋಣ್ರಿ,” ಎಂದರು. ಹಾಳೆಯನ್ನು ಕೈಯಲ್ಲಿ ತಗೊಳ್ಳಲಿಲ್ಲ.

ನಮ್ಮ ಕಚೇರಿಯ ಕೆಲಸ ಇವತ್ತಿಗೂ ಸೂಪರ್ ಮಾರ್ಕೆಟ್‌ನ ಭಾವಮೈದನ ಹೆಸರಿನಲ್ಲಿದೆ. ಸ್ಟುಡಿಯೋದವರು ಉಸ್ತಾದರನ್ನು ಕರೆದಿಲ್ಲ. ಕಣ್ಣಿನ ದವಾಖಾನೆಯವರು ಸಂಕ್ರಾಂತಿಯ ನಂತರ ಮತ್ತೆ ಕರೆಸಿಕೊಂಡರು. ಬುಧವಾರ ಬುಧವಾರ ಬರುತ್ತಾರೆ. ಕಳೆದ ಬುಧವಾರವೂ ಬಂದಿದ್ದರು. ನಮ್ಮ ಮಹಡಿ ಹತ್ತಲಿಲ್ಲ.